ಬಾಬುಕೋಡಿಯ ಹುಡುಗ, ಭದ್ರಾವತಿಯ ಹುಡುಗಿ, ದೆಹಲಿಯ ಮನೆ

1969ರಲ್ಲಿ ದೆಹಲಿಯ ಲೋದಿ ಎಸ್ಟೇಟಿನ ಸರದಾರ್ ಪಟೇಲ್ ವಿದ್ಯಾಲಯಕ್ಕೆ ನಾಟಕದ ಮೇಷ್ಟ್ರೊಬ್ಬರು ಸೇರಿದರು. ನಲವತ್ತರ ಆಸುಪಾಸಿನ ವಯಸ್ಸು. ಕರಾವಳಿಯ ಕನ್ನಡ, ಕಾಶಿಯ ಹಿಂದಿ, ಕಂಪನಿ ನಾಟಕದ ಕಂಠ. ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ. ಅವರು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದ ದಿನಗಳಲ್ಲೇ ಅವರ ಹೆಂಡತಿ ಪ್ರೇಮಾ ಅದೇ ಊರಿನ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ವಿದ್ಯಾರ್ಥಿನಿ. ಗಂಡ ದುಡಿಯುವುದು, ಹೆಂಡತಿ ಓದುವುದು. ಹತ್ತು ವರ್ಷ ಹಿಂದೆ ಇದೇ ದೆಹಲಿಯಲ್ಲಿ ಇದೇ ದಂಪತಿ ಬಾಳಿದ್ದು ಇದರ ತಿರುವುಮುರುವಾಗಿ. ಆಗ ಪ್ರೇಮಾ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿದ್ದರು, ಕಾರಂತರು ನಾಟಕ ಶಾಲೆಯ ವಿದ್ಯಾರ್ಥಿಯಾಗಿದ್ದರು.

ಬಿ.ವಿ. ಕಾರಂತರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಪ್ರೇಮಾ ಕಾರಂತರ ಬಗ್ಗೆ ಅದರ ಕಾಲುಭಾಗವೂ ಇಲ್ಲ. ಇಬ್ಬರೂ ಸಿನಿಮಾ ನಿರ್ದೇಶಕರಾದರು, ಇಬ್ಬರೂ ರಾಷ್ಟ್ರಪ್ರಶಸ್ತಿ ತಂದರು. ಹಾಗಿದ್ದೂ ಒಬ್ಬರ ಕಥೆ ಇತಿಹಾಸವಾಗಿದೆ, ಇನ್ನೊಬ್ಬರದು ಆ ಇತಿಹಾಸದ ಅಡಿಟಿಪ್ಪಣಿಯಾಗಿದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಎರಡೂ ಅರ್ಧವೇ ಉಳಿಯುತ್ತವೆ ಎಂಬುದು ನನ್ನ ನಂಬಿಕೆ. ಒಟ್ಟಿಗೆ ಹೇಳಲು ಹೊರಟರೆ ಮತ್ತೆ ಮತ್ತೆ ದೆಹಲಿಗೇ ಬರಬೇಕಾಗುತ್ತದೆ.

ಕಾರಂತರು ಹುಟ್ಟಿದ್ದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. 1929ರ ಸೆಪ್ಟೆಂಬರ್ 19 ಎನ್ನುವುದು ರೂಢಿಯಲ್ಲಿರುವ ಜನ್ಮದಿನ. ಮೂರನೇ ಕ್ಲಾಸಿನಲ್ಲಿ ಪಿ.ಕೆ. ನಾರಾಯಣ ಎಂಬ ಮೇಷ್ಟ್ರು ಕುವೆಂಪು ಅವರ ‘ನನ್ನ ಗೋಪಾಲ’ ಆಡಿಸಿದರು, ಹುಡುಗನಿಗೆ ಅದರಲ್ಲಿ ಪಾತ್ರ ಸಿಕ್ಕಿತು. ಸುತ್ತ ಯಕ್ಷಗಾನದ ಸೀಮೆ. ಚಂಡೆಯ ಸದ್ದು ಕೇಳಿದರೆ ಗದ್ದೆ ದಾಟಿ ಓಡುವ ವಯಸ್ಸು. ಆಟದ ಹುಚ್ಚು ತಲೆಗೇರಿ, ಕೊನೆಗೆ ಆತ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಮುಂದೆ ರಾಜ್‌ಕುಮಾರ್ ಎಂದು ನಾಡಿಗೆಲ್ಲ ಹೆಸರಾದ ಮುತ್ತುರಾಜ್ ಕೂಡ ಪಳಗಿದ್ದು ಆ ಕಂಪನಿಯಲ್ಲೇ.

ಕಂಪನಿಯಲ್ಲಿ ನಟನಾದವನು ಬರೀ ನಟನಾಗಿ ಉಳಿಯಲು ಸಾಧ್ಯವೇ ಇರಲಿಲ್ಲ. ಹಾಡಬೇಕು, ಪರದೆ ಎಳೆಯಬೇಕು, ಪಾತ್ರಧಾರಿ ಬರದಿದ್ದರೆ ಆ ವೇಷ ಕಟ್ಟಬೇಕು. ಊರಿಂದೂರಿಗೆ ಬಿಡಾರ ಏಳುವಾಗ ಸಾಮಾನು ಕಟ್ಟಬೇಕು. ಕಾರಂತರ ಕಿವಿ ಹದಗೊಂಡದ್ದು ಅಲ್ಲಿ. ಪ್ರೇಕ್ಷಕ ಯಾವ ಸ್ವರಕ್ಕೆ ತಲೆದೂಗುತ್ತಾನೆ, ಯಾವ ಮಾತಿಗೆ ಬೇಸತ್ತು ಎದ್ದುಹೋಗುತ್ತಾನೆ ಎಂಬುದು ಅವರಿಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ. ಹುಡುಗನಲ್ಲಿ ಓದುವ ಆಸೆ ಇರುವುದನ್ನು ವೀರಣ್ಣನವರು ಕಂಡರು. ಎಂ.ಎ. ಮಾಡಲಿ ಎಂದು ಬನಾರಸ್‌ಗೆ ಕಳಿಸಿದರು. ನಾಟಕ ಕಂಪನಿಯ ಯಜಮಾನರೊಬ್ಬರು ತಮ್ಮ ನಟನನ್ನು ವಿಶ್ವವಿದ್ಯಾನಿಲಯಕ್ಕೆ ಕಳಿಸಿದ ಇಂಥ ಉದಾಹರಣೆ ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ಹೆಚ್ಚು ಸಿಗುವುದಿಲ್ಲ. ವೀರಣ್ಣನವರ ದೊಡ್ಡತನ ನೆನೆಯುವಾಗ ವೃತ್ತಿರಂಗಭೂಮಿಯ ವೈಭವದ ಜೊತೆಗೆ ಇದನ್ನೂ ನೆನೆಯಬೇಕು.

ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಕಾರಂತರು ಹಿಂದಿ ಓದಿದರು, ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತ ಕಲಿತರು. ಅವರ ಬಾಳಿಗೆ ಪ್ರೇಮಾ ಬಂದದ್ದೂ ಆ ಕಾಲದಲ್ಲೇ. 1936ರ ಆಗಸ್ಟ್ 15ರಂದು ಭದ್ರಾವತಿಯಲ್ಲಿ ಹುಟ್ಟಿದ ಪ್ರೇಮಾ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಶಿಡ್ಲಘಟ್ಟದಲ್ಲಿ ಬೆಳೆದವರು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಟೀಚರಾಗಿದ್ದರು. ತಮ್ಮ ಕಾಲ ಮೇಲೆ ತಾವು ನಿಂತಿದ್ದ ಹೆಣ್ಣುಮಗಳು, ನೆಲೆಯೇ ಇಲ್ಲದ ರಂಗಭೂಮಿಯ ಮನುಷ್ಯನನ್ನು ಮದುವೆಯಾಗಿ ಬನಾರಸ್‌ಗೆ ಹೋದರು. ಗಂಡ ಸಂಶೋಧನೆಯಲ್ಲಿ ಮುಳುಗಿದ್ದಾಗ ತಾವೂ ಅದೇ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮುಗಿಸಿದರು.

ಅಲ್ಲಿಂದ ದೆಹಲಿ. ರಾಷ್ಟ್ರೀಯ ನಾಟಕ ಶಾಲೆ ಶುರುವಾಗಿದ್ದು 1959ರಲ್ಲಿ. ಕಾರಂತರು ಅದರ ಮೊದಮೊದಲ ವಿದ್ಯಾರ್ಥಿಗಳ ಸಾಲಿನವರು. ಅವರು ಪದವಿ ಪಡೆದ 1962ರಲ್ಲೇ ಅಲ್ಕಾಜಿ ನಿರ್ದೇಶಕರಾಗಿ ಬಂದರು. ಕಾರಂತರು ಓದುತ್ತಿದ್ದ ಆ ವರ್ಷಗಳಲ್ಲಿ ಮನೆಗೆ ಗೊತ್ತಾದ ಸಂಬಳ ಬರುತ್ತಿದ್ದದ್ದು ಪ್ರೇಮಾ ಅವರ ಶಾಲೆಯ ಕೆಲಸದಿಂದ. ಕನ್ನಡದ ಹೊಸ ರಂಗಭೂಮಿಯ ಕಥೆಯನ್ನು ಬರೆಯುವವರು ಬ್ರೆಕ್ಟ್‌ನನ್ನು ನೆನೆಯುತ್ತಾರೆ, ಯಕ್ಷಗಾನವನ್ನು ನೆನೆಯುತ್ತಾರೆ, ನವ್ಯ ಸಾಹಿತ್ಯವನ್ನು ನೆನೆಯುತ್ತಾರೆ. ಆ ಟೀಚರ ಸಂಬಳವನ್ನು ಯಾರೂ ನೆನೆಯುವುದಿಲ್ಲ.

ದೆಹಲಿಯಲ್ಲಿ ಕಾರಂತರು ಮಾಡಿದ ಒಂದು ಕೆಲಸ ಅವರ ನಾಟಕಗಳಷ್ಟೇ ದೊಡ್ಡದು. 1964ರಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಕನ್ನಡದಲ್ಲಿ ಬಂತು. ಅದನ್ನು ಹಿಂದುಸ್ತಾನಿಗೆ ತಂದವರು ಕಾರಂತರು. ಆ ಅನುವಾದದ ಮೂಲಕವೇ ನಾಟಕ ದೆಹಲಿಯ ರಂಗಕ್ಕೆ ಏರಿತು, ಮುಂದೆ ಅಲ್ಕಾಜಿ ಅದನ್ನು ಪುರಾನಾ ಕಿಲಾದ ಕಲ್ಲುಗೋಡೆಗಳ ನಡುವೆ ಆಡಿಸಿದ್ದು ದಂತಕಥೆಯಾಯಿತು. ‘ಹಯವದನ’ವನ್ನೂ ಕಾರಂತರೇ ಹಿಂದಿಗೆ ತಂದರು, ದೆಹಲಿಯ ‘ದಿಶಾಂತರ’ ತಂಡಕ್ಕೆ ನಿರ್ದೇಶಿಸಿದರು. ಕಾರ್ನಾಡರು ಭಾರತದ ನಾಟಕಕಾರರಾದ ದಾರಿಯ ಬಹುಪಾಲು ಈ ಎರಡು ಅನುವಾದಗಳ ಮೇಲೆ ಹಾದುಹೋಗಿದೆ. ವೀರಣ್ಣನವರು ಕಾಶಿಗೆ ಕಳಿಸದೇ ಇದ್ದಿದ್ದರೆ ಆ ಹಿಂದಿ ಎಲ್ಲಿಂದ ಬರಬೇಕಿತ್ತು?

ಇಷ್ಟರಲ್ಲಿ ಪ್ರೇಮಾ ಅವರ ಸರದಿ ಬಂದಿತ್ತು. ಕಾರಂತರ ಒತ್ತಾಸೆಯಿಂದಲೇ ಅವರು ನಾಟಕ ಶಾಲೆ ಸೇರಿದ್ದು. ಮದುವೆಯಾಗಿ ವರ್ಷಗಳಾದ, ಮೂವತ್ತು ದಾಟಿದ ಹೆಣ್ಣುಮಗಳು ಅಲ್ಕಾಜಿಯವರ ಕಟ್ಟುನಿಟ್ಟಿನ ಗರಡಿಗೆ ಇಳಿಯುವುದು ಆಗಿನ ದಿನಕ್ಕೆ ಸಣ್ಣ ಮಾತಲ್ಲ. ಆ ಶಾಲೆಯಲ್ಲಿ ರಂಗ ಗುಡಿಸುವುದೂ ಪಾಠ, ಬಟ್ಟೆಯ ಮಡಿಕೆಯ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡುವುದೂ ಪಾಠ. 1971ರಲ್ಲಿ ಅವರು ಪದವಿ ಪಡೆದರು. ವೇಷಭೂಷಣದಲ್ಲಿ ಅವರಿಗೆ ಒಲಿದ ಕಣ್ಣು ಆಮೇಲೆ ಕನ್ನಡದ ಹೊಸ ಅಲೆಯ ಸಿನಿಮಾಗಳಿಗೆ ಬಹಳ ಉಪಕಾರ ಮಾಡಿತು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯ ವಸ್ತ್ರವಿನ್ಯಾಸ ಅವರದು.

ಸಿನಿಮಾ ಕಾರಂತರನ್ನು ಸೆಳೆದದ್ದೂ ಇದೇ ಹೊತ್ತಿನಲ್ಲಿ. 1970ರ ‘ಸಂಸ್ಕಾರ’ ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ತಂದಿತ್ತು, ಕಡಿಮೆ ದುಡ್ಡಿನಲ್ಲಿ ಬೇರೆ ಬಗೆಯ ಸಿನಿಮಾ ಮಾಡಬಹುದೆಂಬ ಧೈರ್ಯ ಹುಟ್ಟಿಸಿತ್ತು. ಜಿ.ವಿ. ಅಯ್ಯರ್ ನಿರ್ಮಾಪಕರಾಗಿ, ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ ತೆರೆಗೆ ಬಂತು. ಭೈರಪ್ಪನವರೂ ಅರವತ್ತರ ದಶಕದ ಉತ್ತರಾರ್ಧದಲ್ಲಿ ದೆಹಲಿಯ ಎನ್‌ಸಿಇಆರ್‌ಟಿಯಲ್ಲಿ ಅಧ್ಯಾಪಕರಾಗಿದ್ದವರು. ನಿರ್ದೇಶನ ಇಬ್ಬರದು, ಕಾರ್ನಾಡ ಮತ್ತು ಕಾರಂತ. ಕಾರ್ನಾಡರಿಗೂ ಅದು ನಿರ್ದೇಶಕರಾಗಿ ಮೊದಲ ಚಿತ್ರ. 1971ರ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ವಿಷ್ಣುವರ್ಧನ್ ಎಂದು ಮುಂದೆ ಪ್ರಸಿದ್ಧರಾದ ಸಂಪತ್ ಕುಮಾರ್ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡದ್ದೂ ಆ ಚಿತ್ರದಲ್ಲೇ. ಅದರಲ್ಲಿ ಯಾರ ಕೈವಾಡ ಎಷ್ಟು ಎಂಬ ಪ್ರಶ್ನೆಯನ್ನು ವಿಮರ್ಶಕರು ಆಗಲೂ ಎತ್ತಿದರು, ಈಗಲೂ ಎತ್ತುತ್ತಾರೆ. ಚಿತ್ರಕಥೆಯ ಬಿಗಿ ಕಾರ್ನಾಡರದು, ನಟರನ್ನು ಪಳಗಿಸಿದ್ದು ಕಾರಂತರು ಎಂದು ಹಂಚಿಬಿಡುವುದು ಸುಲಭ. ಒಟ್ಟಿಗೆ ಮಾಡಿದ ಕೆಲಸವನ್ನು ಹೀಗೆ ಪಾಲು ಮಾಡುವುದರಲ್ಲಿ ನನಗೆ ಹೆಚ್ಚು ಅರ್ಥ ಕಾಣುವುದಿಲ್ಲ. ಕಾರಂತರೊಬ್ಬರೇ ಕ್ಯಾಮೆರಾದ ಹಿಂದೆ ನಿಂತಾಗ ಏನಾಯಿತು ಎಂಬುದಕ್ಕೆ ಬೇರೆ ಸಾಕ್ಷಿಯೇ ಇದೆ.

1972ರಲ್ಲಿ ದಂಪತಿ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದರು. ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರ ನಿರ್ದೇಶನದ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಡೆದ ವರ್ಷ ಅದು. ಹವ್ಯಾಸಿ ರಂಗಭೂಮಿ ಡ್ರಾಯಿಂಗ್ ರೂಮಿನ ಸೋಫಾ ಬಿಟ್ಟು ಬಯಲಿಗಿಳಿದ ಆ ದಿನಗಳ ಕಥೆಯನ್ನು ಬಹಳ ಮಂದಿ ಹೇಳಿದ್ದಾರೆ, ಇಲ್ಲಿ ಅದನ್ನು ಬೆಳೆಸುವುದಿಲ್ಲ. ಗಂಡಹೆಂಡತಿ ಸೇರಿ ಕಟ್ಟಿದ ತಂಡ ಬೆನಕ, ಅಂದರೆ ಬೆಂಗಳೂರು ನಗರ ಕಲಾವಿದರು.

1975ರಲ್ಲಿ ಬಿ.ವಿ. ಕಾರಂತರೊಬ್ಬರೇ ನಿರ್ದೇಶಿಸಿದ ‘ಚೋಮನ ದುಡಿ’ ಬಂತು. ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲಿ ಬರೆದ ಕಾದಂಬರಿ. ಜೀತದ ಚೋಮನಿಗೆ ಕಾಡಿನಲ್ಲಿ ಸಿಕ್ಕ ಎರಡು ಎತ್ತುಗಳಿವೆ, ಉಳುವ ಆಸೆಯಿದೆ, ಉಳಲು ಅವನ ಜಾತಿಗೆ ಅಪ್ಪಣೆಯಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಒಬ್ಬ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಎಂದು ದಡದವರು ಹಿಂದೆ ಸರಿಯುತ್ತಾರೆ. ಬಾಬುಕೋಡಿಯ ಕಾರಂತರಿಗೆ ಇದು ಕೇಳಿದ ಕಥೆಯಲ್ಲ, ಕಂಡ ಸೀಮೆ. ಅಲ್ಲಿನ ಮಳೆ, ಅಲ್ಲಿನ ಕೆಸರು, ಕತ್ತಲಾದ ಮೇಲೆ ದೂರದ ಗುಡಿಸಲಿನಿಂದ ಬರುವ ದುಡಿಯ ಸದ್ದು, ಎಲ್ಲವೂ ಅವರ ಬಾಲ್ಯದವು.

ಆ ಚಿತ್ರವನ್ನು ಇಂದು ನೋಡಿದರೂ ಮೊದಲು ಹಿಡಿಯುವುದು ಕಿವಿಯನ್ನು. ಸಂಗೀತವೂ ಬಿ.ವಿ. ಕಾರಂತರದೇ. ಚೋಮನ ಬಾಯಲ್ಲಿ ಮಾತು ಕಡಿಮೆ. ಸಿಟ್ಟು ಬಂದರೆ, ದುಃಖ ಉಕ್ಕಿದರೆ, ಹೆಂಡ ಏರಿದರೆ ಅವನು ದುಡಿ ಎತ್ತಿಕೊಳ್ಳುತ್ತಾನೆ. ಒಂದೊಂದು ಸಲವೂ ಅದರ ಲಯ ಬೇರೆ, ಭಾರ ಬೇರೆ. ಹೀಗಾಗಿ ಬಾಗಿಲು ಮುಚ್ಚಿಕೊಂಡು ಕೊನೆಯ ಸಲ ಬಾರಿಸುವಾಗ ನೋಡುಗನಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ. ಆ ಸೆಟ್ಟಿನಲ್ಲಿ ಸಹಾಯಕರಾಗಿ ದುಡಿದ ಗಿರೀಶ ಕಾಸರವಳ್ಳಿ ಎರಡೇ ವರ್ಷದಲ್ಲಿ ‘ಘಟಶ್ರಾದ್ಧ’ ಮಾಡಿ ತಾವೂ ಸ್ವರ್ಣಕಮಲ ಪಡೆದರು. ಅದಕ್ಕೂ ಸಂಗೀತ ಕೊಟ್ಟವರು ಕಾರಂತರು. 1976ರಲ್ಲಿ ‘ಋಷ್ಯಶೃಂಗ’, 1977ರಲ್ಲಿ ‘ಘಟಶ್ರಾದ್ಧ’, ಹೀಗೆ ಎರಡು ವರ್ಷ ಸಾಲಾಗಿ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಅವರದಾಯಿತು.

‘ಚೋಮನ ದುಡಿ’ಯ ಬಗ್ಗೆ ತಕರಾರುಗಳಿಲ್ಲದಿಲ್ಲ. ದಲಿತನ ನೋವನ್ನು ಮೇಲ್ಜಾತಿಯ ಲೇಖಕ ಬರೆದು ಮೇಲ್ಜಾತಿಯ ನಿರ್ದೇಶಕ ತೆರೆಗೆ ತಂದಾಗ ಮರುಕ ಉಳಿಯುತ್ತದೆ, ಪ್ರತಿಭಟನೆ ಕರಗುತ್ತದೆ ಎನ್ನುವುದು ದಲಿತ ಚಳವಳಿ ಎದ್ದ ಬಳಿಕ ಬಲವಾಗಿ ಕೇಳಿಬಂದ ಮಾತು. ಚೋಮ ಎದುರು ನಿಲ್ಲುವುದಿಲ್ಲ, ಸಾಯುತ್ತಾನೆ. ಈ ಆಕ್ಷೇಪದಲ್ಲಿ ನಿಜವಿದೆ. ಹಾಗೆಂದು ಆ ದುಡಿಯ ಸದ್ದನ್ನು ಬರೀ ಮರುಕವೆಂದು ಕೇಳಲು ನನ್ನಿಂದ ಆಗುವುದಿಲ್ಲ.

1977ರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಭೈರಪ್ಪನವರದೇ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಕಾರ್ನಾಡ-ಕಾರಂತ ಜೋಡಿ ಕನ್ನಡದಲ್ಲೂ, ‘ಗೋಧೂಳಿ’ ಎಂದು ಹಿಂದಿಯಲ್ಲೂ ಮಾಡಿತು. ನಾಸಿರುದ್ದೀನ್ ಶಾ, ಓಂ ಪುರಿಯವರಂಥ ದೆಹಲಿ ನಾಟಕ ಶಾಲೆಯ ಹುಡುಗರು ಅದಕ್ಕಾಗಿ ಕನ್ನಡ ನೆಲಕ್ಕೆ ಬಂದರು. ಇನ್ನೊಂದು, ಅಲ್ಕಾಜಿ ಹದಿನೈದು ವರ್ಷಗಳ ಬಳಿಕ ನಾಟಕ ಶಾಲೆ ಬಿಟ್ಟರು, ಆ ಕುರ್ಚಿಗೆ ಕಾರಂತರ ಹೆಸರು ಬಂತು. ಗುಬ್ಬಿ ಕಂಪನಿಯ ಹುಡುಗ ದೇಶದ ನಾಟಕ ಶಾಲೆಯ ಮುಖ್ಯಸ್ಥನಾದ. ಕಾರಂತರ ಸಿನಿಮಾ ನಿರ್ದೇಶನ ಬಹುಮಟ್ಟಿಗೆ ಇಲ್ಲಿಗೆ ನಿಂತಿತು. ನಡುವೆ ಮಾಡಿದ್ದ ಮಕ್ಕಳ ಚಿತ್ರ ‘ಚೋರ್ ಚೋರ್ ಛುಪ್ ಜಾ’ ಸೇರಿಸಿದರೂ ಲೆಕ್ಕ ಬೆರಳ ಮೇಲೆ ಮುಗಿಯುತ್ತದೆ. ಕನ್ನಡ ಸಿನಿಮಾ ಆಗ ಕಳೆದುಕೊಂಡದ್ದು ಎಷ್ಟೆಂದು ಅಳೆಯುವುದು ಕಷ್ಟ. ‘ಚೋಮನ ದುಡಿ’ ಮಾಡಿದವರು ಇನ್ನೂ ಐದಾರು ಚಿತ್ರ ಮಾಡಬೇಕಿತ್ತು.

ನಾಟಕ ಶಾಲೆಯಿರುವ ಮಂಡಿ ಹೌಸ್‌ನ ಸುತ್ತ ಆಗ ಗಾಳಿಯೇ ಬೇರೆಯಾಯಿತು. ಅಲ್ಕಾಜಿಯವರದು ಅಳೆದು ತೂಗಿದ ವಿನ್ಯಾಸ, ಜಗತ್ತಿನ ಶ್ರೇಷ್ಠ ನಾಟಕಗಳು, ಗಡಿಯಾರದ ಶಿಸ್ತು. ಕಾರಂತರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತರು. ಕಲ್ಲು, ಮರದ ತುಂಡು, ಕಾಗದ, ಯಾವುದರಿಂದ ಸದ್ದು ಬಂದರೂ ಅದು ಅವರಿಗೆ ವಾದ್ಯ. ‘ಅಂಧೇರ್ ನಗರಿ’ ನಾಟಕ ಹಾಡಾಯಿತು. 1979ರಲ್ಲಿ ರಘುವೀರ ಸಹಾಯ್ ಅನುವಾದಿಸಿದ ‘ಮ್ಯಾಕ್‌ಬೆತ್’, ‘ಬರನಮ್ ವನ’ ಎಂಬ ಹೆಸರಿನಲ್ಲಿ ಯಕ್ಷಗಾನದ ಹೆಜ್ಜೆ ಹಾಕಿತು. ನಾಟಕ ಶಾಲೆ ದೆಹಲಿಯ ಹೊರಗೆ ಕಮ್ಮಟಗಳನ್ನು ನಡೆಸತೊಡಗಿತು, ತಮಿಳುನಾಡಿನ ಮದುರೆಯವರೆಗೂ ಹೋಯಿತು. ಪಶ್ಚಿಮದ ಮಾದರಿ ಬಿಟ್ಟು ನಮ್ಮ ಬೇರುಗಳಿಗೆ ಮರಳಿದ್ದು ಸರಿ ಎಂದು ಒಂದು ಪಕ್ಷ. ವರ್ಷಗಟ್ಟಲೆ ಕಲಿಯಬೇಕಾದ ಯಕ್ಷಗಾನವನ್ನು ನಾಲ್ಕು ವಾರದ ತಾಲೀಮಿನಲ್ಲಿ ತಂದರೆ ಅದು ಬರೀ ಅಲಂಕಾರವಾದೀತು, ಶಾಲೆಯ ಶಿಸ್ತು ಸಡಿಲಾದೀತು ಎಂದು ಇನ್ನೊಂದು ಪಕ್ಷ. ಚರ್ಚೆ ಇಂದಿಗೂ ಮುಗಿದಿಲ್ಲ. ಕಾರಂತರ ಮಟ್ಟಿಗೆ ಯಕ್ಷಗಾನ ಹುಡುಕಿ ತಂದ ಬೇರಲ್ಲ, ಬಾಲ್ಯದ ಮನೆಮಾತು. ಅದನ್ನು ಅನುಕರಿಸಿದ ಎಲ್ಲರ ಬಗ್ಗೆಯೂ ಹಾಗೆ ಹೇಳಲಾಗದು.

   

ಈ ವರ್ಷಗಳಲ್ಲಿ ಪ್ರೇಮಾ ಏನು ಮಾಡುತ್ತಿದ್ದರು? 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಟೀಚರಾಗಿದ್ದಾಗ ಮಕ್ಕಳೊಂದಿಗೆ ಬೆಳೆದ ಒಡನಾಟ ಮತ್ತು ಅಲ್ಕಾಜಿ ಕಲಿಸಿದ ರಂಗಶಿಸ್ತು ಎರಡೂ ಅಲ್ಲಿ ಕೂಡಿದವು. ಆಮೇಲೆ ಅವರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೈಗೆತ್ತಿಕೊಂಡರು. ಮಲೆನಾಡಿನ ಬಾಲವಿಧವೆಯೊಬ್ಬಳ ನಿಜ ಬದುಕನ್ನು ಆಧರಿಸಿದ ಕಾದಂಬರಿ ಅದು. ಗಂಡನ ಮುಖವನ್ನೂ ಸರಿಯಾಗಿ ಕಾಣದೆ ವಿಧವೆಯಾಗಿ, ತಲೆ ಬೋಳಿಸಿಕೊಂಡು, ದೊಡ್ಡ ಮನೆಯ ಮೂಲೆಯಲ್ಲಿ ದುಡಿಯುತ್ತ ಮುದುಕಿಯಾದವಳು ಫಣಿಯಮ್ಮ. ದಾಕ್ಷಾಯಿಣಿ ಎಂಬ ಎಳೆ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಲ್ಲುವುದು ಈ ಮುದುಕಿಯೇ. ಹೆರಿಗೆ ಕಷ್ಟವಾದ ಕೆಳಜಾತಿಯ ಹೆಂಗಸಿಗೆ, ಮಡಿ ಬದಿಗಿಟ್ಟು, ಹೆರಿಗೆ ಮಾಡಿಸುವುದೂ ಅವಳೇ.

ಈ ಕಥೆಯಿಂದ ಕಣ್ಣೀರಿನ ಸಿನಿಮಾ ಮಾಡುವುದು ಕಷ್ಟವಿರಲಿಲ್ಲ. ಪ್ರೇಮಾ ಹಾಗೆ ಮಾಡಲಿಲ್ಲ. ಎಲ್.ವಿ. ಶಾರದಾ ಅವರ ಫಣಿಯಮ್ಮ ಅಳುವುದು ಕಡಿಮೆ, ನೋಡುವುದು ಹೆಚ್ಚು. ಕೆಂಪು ಸೀರೆಯಲ್ಲಿ ಸುತ್ತಿಕೊಂಡ ಆ ಸಣ್ಣ ಮೈ ಒಲೆಯ ಮುಂದೆ, ಹಿತ್ತಲಲ್ಲಿ, ನಡುಮನೆಯ ಕತ್ತಲಲ್ಲಿ ಓಡಾಡುತ್ತದೆ. ಆ ಮೌನದಲ್ಲೇ ಒಂದು ನಿರ್ಧಾರ ಮಾಗುತ್ತದೆ. ಮಧು ಅಂಬಟ್ ಅವರ ಕ್ಯಾಮೆರಾ ಮನೆಯ ಒಳಗಿನ ಬೆಳಕನ್ನು ಎಷ್ಟು ಬೇಕೋ ಅಷ್ಟೇ ಬಳಸುತ್ತದೆ. 1982ರ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಪ್ರೇಮಾ ಕಾರಂತರನ್ನು ಕನ್ನಡದ ಮೊದಲ ಚಿತ್ರ ನಿರ್ದೇಶಕಿ ಎಂದು ಗುರುತಿಸುವುದು ಈ ಚಿತ್ರದಿಂದ. ಚೋಮನನ್ನೂ ಫಣಿಯಮ್ಮನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಇಬ್ಬರಿಗೂ ಹುಟ್ಟೇ ಶಿಕ್ಷೆ. ಚೋಮ ಬಾಗಿಲು ಮುಚ್ಚಿಕೊಂಡು ಸಾಯುತ್ತಾನೆ, ಫಣಿಯಮ್ಮ ಬಾಗಿಲು ತೆರೆದು ಇನ್ನೊಬ್ಬಳನ್ನು ಹೊರಗೆ ಕಳಿಸುತ್ತಾಳೆ. ಒಂದೇ ಮನೆಯ ಇಬ್ಬರು ಕೊಟ್ಟ ಈ ಎರಡು ಉತ್ತರಗಳಲ್ಲಿ ನನಗೆ ಎರಡನೆಯದು ಹೆಚ್ಚು ಹತ್ತಿರ.

ಕಾರಂತರು ಆ ವೇಳೆಗೆ ದೆಹಲಿಯಿಂದ ಭೋಪಾಲಕ್ಕೆ ಹೋಗಿದ್ದರು. 1981ರಲ್ಲಿ ಪದ್ಮಶ್ರೀ ಬಂದಿತ್ತು. ಭಾರತ ಭವನದ ರಂಗಮಂಡಲವನ್ನು ಕಟ್ಟಿ, ಬುಂದೇಲಿಯಂಥ ಆಡುಮಾತುಗಳನ್ನು ರಂಗಕ್ಕೆ ತಂದರು. 1986ರಲ್ಲಿ ಆ ಪರ್ವ ದುರಂತದಲ್ಲಿ ಮುಗಿಯಿತು. ರಂಗಮಂಡಲದ ಕಲಾವಿದೆಯೊಬ್ಬರು ಬೆಂಕಿಯಿಂದ ತೀವ್ರವಾಗಿ ಗಾಯಗೊಂಡ ಪ್ರಕರಣದಲ್ಲಿ ಕಾರಂತರ ಬಂಧನವಾಯಿತು, ದೇಶದ ಪತ್ರಿಕೆಗಳೆಲ್ಲ ಬರೆದವು. ಅಲ್ಲಿ ಎಲ್ಲರಿಗಿಂತ ಹೆಚ್ಚು ನೊಂದವರು ಆ ಕಲಾವಿದೆ. ಅವರ ನೋವನ್ನು ಒಬ್ಬ ದೊಡ್ಡ ಮನುಷ್ಯನ ಬದುಕಿನ ಒಂದು ಘಟ್ಟವೆಂದು ಹೇಳಿ ಮುಂದೆ ಸಾಗುವುದು ಸರಿಯಲ್ಲ. ಮನೆಯೊಳಗೆ ಆ ಪೆಟ್ಟು ತಿಂದವರು ಪ್ರೇಮಾ. ದಾಂಪತ್ಯ ಮಾತ್ರ ಮುರಿಯಲಿಲ್ಲ.

ಕಾರಂತರು ಕರ್ನಾಟಕಕ್ಕೆ ಮರಳಿದರು. 1989ರಲ್ಲಿ ರಾಜ್ಯ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಆರಂಭಿಸಿದಾಗ ಅದರ ಮೊದಲ ನಿರ್ದೇಶಕರಾಗಿ 1995ರವರೆಗೆ ಇದ್ದರು. ದೆಹಲಿಯಲ್ಲಿ ಕಂಡ ಶಾಲೆ, ಭೋಪಾಲದಲ್ಲಿ ಕಟ್ಟಿದ ತಂಡ, ಬಾಲ್ಯದಲ್ಲಿ ಬದುಕಿದ ಕಂಪನಿ, ಮೂರರ ಅನುಭವವೂ ಅಲ್ಲಿ ಸೇರಿತು. ಪ್ರೇಮಾ ‘ನಕ್ಕಳಾ ರಾಜಕುಮಾರಿ’ ಎಂಬ ಮಕ್ಕಳ ಚಿತ್ರ, ಹಿಂದಿಯಲ್ಲಿ ‘ಬಂದ್ ಝರೋಖೆ’ ಮಾಡಿದರು. ‘ಫಣಿಯಮ್ಮ’ದಂಥ ಚಿತ್ರಕ್ಕೆ ಮತ್ತೆ ಅವಕಾಶ ಒದಗಲಿಲ್ಲ. ಕನ್ನಡ ಚಿತ್ರರಂಗ ಆಕೆಯ ನಂತರ ಬಹುಕಾಲ ಇನ್ನೊಬ್ಬ ನಿರ್ದೇಶಕಿಗೆ ದಾರಿ ಬಿಡಲಿಲ್ಲ ಎಂಬುದನ್ನು ಮರೆಯಬಾರದು.

2002ರ ಸೆಪ್ಟೆಂಬರ್ 1ರಂದು ಕಾರಂತರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹೇಳುತ್ತ ಹೋದ ಬದುಕಿನ ಕಥೆಯನ್ನು ವೈದೇಹಿ ಬರೆದಿಟ್ಟಿದ್ದಾರೆ, ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂದು ಅದರ ಹೆಸರು. ಪ್ರೇಮಾ ಕೂಡ ‘ಸೋಲಿಸಬೇಡ ಗೆಲಿಸಯ್ಯಾ’ ಎಂದು ತಮ್ಮ ಕಥೆ ಹೇಳಿದರು. 2007ರ ಅಕ್ಟೋಬರ್ 29ರಂದು ಅವರೂ ಹೋದರು. ಬೆನಕ ಇನ್ನೂ ಇದೆ. ಕಾರಂತರ ಗರಡಿಯಲ್ಲಿ ಪಳಗಿ ಸಿನಿಮಾ ನಿರ್ದೇಶಕರಾದ ಟಿ.ಎಸ್. ನಾಗಾಭರಣ ಅದನ್ನು ನಡೆಸಿಕೊಂಡು ಬಂದಿದ್ದಾರೆ. ‘ಸತ್ತವರ ನೆರಳು’, ‘ಗೋಕುಲ ನಿರ್ಗಮನ’, ‘ಹಯವದನ’ ಇಂದಿಗೂ ಕಾರಂತರು ಹಾಕಿಕೊಟ್ಟ ಮಟ್ಟುಗಳಲ್ಲೇ ರಂಗವೇರುತ್ತವೆ.